ಒಂದು ಕುರ್ಚಿ, ಎರಡು ಹಿತ

ಪೆರುಂಗುಡಿ ಎಂದೊಡನೆ ಚೆನ್ನೈಯವರಿಗೆ ಎರಡು ಸಂಗತಿಗಳು ನೆನಪಾಗುತ್ತವೆ. ಒಂದು, ಹಳೆಯ ಮಹಾಬಲಿಪುರ ರಸ್ತೆಯ ಉದ್ದಕ್ಕೂ ಎದ್ದುನಿಂತ ಗಾಜಿನ ಕಟ್ಟಡಗಳು. ಇನ್ನೊಂದು, ಪಳ್ಳಿಕರಣೆಯ ಜೌಗುನೆಲದ ಅಂಚಿನಲ್ಲಿ ದಶಕಗಟ್ಟಲೆ ನಗರದ ಕಸ ಸುರಿದು ಸುರಿದು ಬೆಳೆದ ಗುಡ್ಡೆ. ಮೂರನೆಯದೊಂದು ಇದೆ, ಅದನ್ನು ನಮ್ಮವರು ಅಷ್ಟಾಗಿ ಗಮನಿಸುವುದಿಲ್ಲ. ತಮಿಳುನಾಡು ಡಾ. ಅಂಬೇಡ್ಕರ್ ಕಾನೂನು ವಿಶ್ವವಿದ್ಯಾಲಯದ ಆವರಣವಿರುವುದು ಇಲ್ಲಿಯೇ. ಪುಸ್ತಕದ ಚೀಲ ಹೆಗಲಿಗೇರಿಸಿಕೊಂಡು ಅಲ್ಲಿಗೆ ಹೋಗುವ ಹುಡುಗ ಹುಡುಗಿಯರು ಆಡಳಿತ ಕಾನೂನಿನ ಪಾಠಕ್ಕೆ ಬಂದಾಗ ಓದಲೇಬೇಕಾದ ತೀರ್ಪೊಂದಿದೆ. ‘ಕ್ರೈಪಾಕ್ ಮೊಕದ್ದಮೆ’ ಎಂದು ಅದಕ್ಕೆ ಹೆಸರು. ಭಾರತದ ಯಾವ ಕಾನೂನು ಕಾಲೇಜಿಗೆ ಹೋದರೂ ಆ ಹೆಸರು ಕೇಳಿಬರುತ್ತದೆ. ಅದನ್ನು ಬರೆದವರು ಕಾರ್ಕಳ ತಾಲ್ಲೂಕಿನ ಕೌಡೂರಿನವರು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಲಾ ಕಾಲೇಜಿನಲ್ಲಿಯೂ ಓದಿದವರು, ದಕ್ಷಿಣ ಕನ್ನಡವು ಮದರಾಸು ರಾಜ್ಯದಲ್ಲಿದ್ದ ಕಾಲಕ್ಕೆ ಈ ರಾಜ್ಯದಿಂದಲೇ ರಾಜ್ಯಸಭೆಗೆ ಹೋದವರು: ನ್ಯಾಯಮೂರ್ತಿ ಕೆ. ಸದಾನಂದ ಹೆಗ್ಡೆಯವರು.

ಈ ತೀರ್ಪಿನ ಮಾತನ್ನು ಈಗ ಎತ್ತಲು ಕಾರಣವಿದೆ. ‘ಹಿತಾಸಕ್ತಿ ಸಂಘರ್ಷ’ ಎಂಬ ಪದ ಈಚೆಗೆ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿದೆ. ಪದ ದೊಡ್ಡದು, ನಾಲಿಗೆಗೆ ಸುಲಭವಲ್ಲ. ಓದಿದವರಲ್ಲಿ ಮುಕ್ಕಾಲು ಮಂದಿ ಅದನ್ನು ಲಂಚಕ್ಕೆ ಇಟ್ಟ ಮರ್ಯಾದೆಯ ಹೆಸರೆಂದು ತಿಳಿದಿದ್ದಾರೆ. ಅದು ಹಾಗಲ್ಲ. ಹಾಗೆ ತಿಳಿಯುವುದರಿಂದಲೇ ನಮ್ಮ ದೇಶದಲ್ಲಿ ಅದಕ್ಕೆ ಸರಿಯಾದ ಕಟ್ಟುಪಾಡು ಹುಟ್ಟದೆ ಉಳಿದಿದೆ ಎಂದು ನಮಗೆ ತೋರುತ್ತದೆ. ಮೊದಲು ಕಥೆಯನ್ನು ಕೇಳೋಣ. ವ್ಯಾಖ್ಯೆ ಆಮೇಲೆ ತಾನಾಗಿ ಬರುತ್ತದೆ.

1966ರಲ್ಲಿ ಕೇಂದ್ರ ಸರಕಾರ ಭಾರತೀಯ ಅರಣ್ಯ ಸೇವೆಯನ್ನು ಸ್ಥಾಪಿಸಿತು. ಆಯಾ ರಾಜ್ಯದ ಅರಣ್ಯಾಧಿಕಾರಿಗಳಲ್ಲಿ ಯೋಗ್ಯರನ್ನು ಆರಿಸಿ ಈ ಹೊಸ ಸೇವೆಗೆ ತೆಗೆದುಕೊಳ್ಳಬೇಕೆಂದು ನಿಶ್ಚಯವಾಯಿತು. ಅದಕ್ಕಾಗಿ ಪ್ರತಿ ರಾಜ್ಯಕ್ಕೂ ಒಂದು ಆಯ್ಕೆ ಮಂಡಲಿ. ಮಂಡಲಿಯಲ್ಲಿ ಕೇಂದ್ರದ ಹಿರಿಯರ ಜೊತೆಗೆ ಆ ರಾಜ್ಯದ ಮುಖ್ಯ ಅರಣ್ಯಾಧಿಕಾರಿಯೂ ಇರತಕ್ಕದ್ದೆಂದು ನಿಯಮವೇ ಹೇಳಿತ್ತು. ಕಾಶ್ಮೀರದಲ್ಲಿ ಆಗ ಆ ಹುದ್ದೆಯನ್ನು ಹಂಗಾಮಿಯಾಗಿ ನೋಡಿಕೊಳ್ಳುತ್ತಿದ್ದವರು ನಕೀಷ್‌ಬಂದ್ ಎಂಬವರು. ನಿಯಮದಂತೆ ಅವರು ಮಂಡಲಿಯಲ್ಲಿ ಕುಳಿತರು. ತೊಡಕು ಇದ್ದುದು ಇಲ್ಲಿ: ಅವರೂ ಹೊಸ ಸೇವೆಯ ಉಮೇದುವಾರರೇ! ಅಷ್ಟೇ ಅಲ್ಲ, ಹಿರಿಯರನ್ನು ಹಿಂದೆ ಹಾಕಿ ಅವರಿಗೆ ಬಡ್ತಿ ಕೊಟ್ಟರೆಂದು ಸರಕಾರಕ್ಕೆ ಮನವಿ ಹೋಗಿ ಇನ್ನೂ ಇತ್ಯರ್ಥವಾಗದೆ ಕುಳಿತಿತ್ತು. ಆ ಹಿರಿಯರೂ ಇದೇ ಆಯ್ಕೆಗೆ ನಿಂತಿದ್ದರು.

ತಮ್ಮ ಹೆಸರು ಚರ್ಚೆಗೆ ಬಂದಾಗ ನಕೀಷ್‌ಬಂದರು ಸಭೆಯಲ್ಲಿ ಕೂರಲಿಲ್ಲ. ಅಷ್ಟು ಸೂಕ್ಷ್ಮ ಅವರಿಗಿತ್ತು ಎನ್ನಬೇಕು. ಆದರೆ ತಮ್ಮ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕುಳಿತಿದ್ದರು. ಯಾರು ಮೇಲೆ, ಯಾರು ಕೆಳಗೆ ಎಂದು ಕ್ರಮವಾಗಿ ಪಟ್ಟಿ ಬರೆಯುವಾಗಲೂ ಕುಳಿತಿದ್ದರು. 1967ರಲ್ಲಿ ಪಟ್ಟಿ ಹೊರಬಂತು. ಮೊಟ್ಟಮೊದಲ ಹೆಸರು ಅವರದು. ಅವರು ದಾಟಿ ಬಂದ ಹಿರಿಯರ ಹೆಸರು ಪಟ್ಟಿಯಲ್ಲಿ ಇರಲಿಲ್ಲ.

ಆಯ್ಕೆಯಾಗದೆ ಉಳಿದವರು ಸುಪ್ರೀಂ ಕೋರ್ಟಿಗೆ ಹೋದರು. ಸರಕಾರದ ವಕೀಲರ ವಾದವೇನೂ ಹಗುರವಾಗಿರಲಿಲ್ಲ. ಮಂಡಲಿಯ ಇತರ ಸದಸ್ಯರು ದೊಡ್ಡ ಮನುಷ್ಯರು. ನಕೀಷ್‌ಬಂದರು ತಮ್ಮ ಮೇಲೆ ಯಾವ ಒತ್ತಡವನ್ನೂ ತರಲಿಲ್ಲವೆಂದು ಅವರು ಹೇಳಿದ್ದರು. ಮೇಲಾಗಿ, ಮಂಡಲಿಯ ಪಟ್ಟಿಯನ್ನು ಲೋಕಸೇವಾ ಆಯೋಗ ಪರಿಶೀಲಿಸಿತ್ತು. ಇದಕ್ಕೆ ಐವರು ನ್ಯಾಯಾಧೀಶರ ಪೀಠದ ಪರವಾಗಿ ಹೆಗ್ಡೆಯವರು 1969ರ ಏಪ್ರಿಲ್ 29ರಂದು ಕೊಟ್ಟ ಉತ್ತರದ ಸಾರ ಇಷ್ಟು. ಆ ಮನುಷ್ಯನ ಮನಸ್ಸಿನಲ್ಲಿ ಪಕ್ಷಪಾತ ಇತ್ತೇ ಇಲ್ಲವೇ ಎಂದು ಹುಡುಕುವುದು ಕಷ್ಟ. ಹುಡುಕಬೇಕಾದ ಅಗತ್ಯವೂ ಇಲ್ಲ. ಅಂಥ ಸ್ಥಾನದಲ್ಲಿ ಕೂತವನಿಗೆ ಪಕ್ಷಪಾತ ಹುಟ್ಟುವ ಸಂಭವ ಉಂಟೇ ಎಂದು ಕೇಳಿದರೆ ಸಾಕು. ಹತ್ತು ಜನ ಕೂಡಿ ಆಲೋಚಿಸುವ ಕಡೆ ಒಬ್ಬರ ಅಭಿಪ್ರಾಯ ಇನ್ನೊಬ್ಬರೊಳಗೆ ತಿಳಿಯದಂತೆ ಇಳಿಯುತ್ತದೆ, ಬಾಯಿಬಿಟ್ಟು ಹೇಳಬೇಕೆಂದೇನಿಲ್ಲ. ಬುಡದಲ್ಲಿ ತಪ್ಪಿದ ಪಟ್ಟಿಯನ್ನು ಮೇಲಿನವರು ನೋಡಿ ಒಪ್ಪಿದರೆಂದ ಮಾತ್ರಕ್ಕೆ ಅದು ನೆಟ್ಟಗಾಗುವುದಿಲ್ಲ. ಆಯ್ಕೆ ರದ್ದಾಯಿತು. ಬರಿಯ ನಕೀಷ್‌ಬಂದರದಲ್ಲ, ಇಡೀ ಪಟ್ಟಿಯೇ ಬಿತ್ತು.

ಇನ್ನೊಂದು ಸಂಗತಿ. ಆ ಪೀಠದ ಐವರಲ್ಲಿ ಶೇಲತ್, ಹೆಗ್ಡೆ, ಗ್ರೋವರ್ ಈ ಮೂವರನ್ನೇ 1973ರಲ್ಲಿ ದಾಟಿ ಕಿರಿಯರೊಬ್ಬರನ್ನು ಸರಕಾರ ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿದ್ದು. ಮೂವರೂ ರಾಜೀನಾಮೆ ಕೊಟ್ಟರು. ಸರಕಾರದ ವಿರುದ್ಧ ತೀರ್ಪು ಕೊಟ್ಟವರ ಬಡ್ತಿ ಸರಕಾರದ ಕೈಯಲ್ಲೇ ಇದ್ದುದರ ಫಲ ಅದೆಂದು ಆಗ ಅನೇಕರು ಹೇಳಿದರು. ಹಿತಗಳ ತಿಕ್ಕಾಟಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇರೆ ಬೇಕೇ ಎಂದು ಕೇಳುವವರುಂಟು. ಆ ಕಥೆ ಬೇರೆ, ಇಲ್ಲಿಗೆ ಬಿಡೋಣ. ಹೆಗ್ಡೆಯವರು ಮುಂದೆ 1977ರಲ್ಲಿ ಲೋಕಸಭೆಯ ಸ್ಪೀಕರ್ ಆದರೆಂಬುದನ್ನು ಮಾತ್ರ ಹೇಳಬೇಕು.

ಈಗ ವ್ಯಾಖ್ಯೆಗೆ ಬರೋಣ. ಲಂಚವೆಂಬುದು ಒಂದು ಕೃತ್ಯ. ಕೊಟ್ಟವನಿದ್ದಾನೆ, ತೆಗೆದುಕೊಂಡವನಿದ್ದಾನೆ, ಇಂಥ ದಿನ ಇಂಥ ಹೊತ್ತು ಎಂದಿದೆ. ಸ್ವಜನ ಪಕ್ಷಪಾತವೂ ಕೃತ್ಯವೇ. ಅಳಿಯನಿಗೆ ಕೆಲಸ ಕೊಡಿಸಿದ ಮೇಲೆ ತಾನೇ ಅದು ಆಗುವುದು? ಹಿತಗಳ ತಿಕ್ಕಾಟ ಹಾಗಲ್ಲ. ಅದು ಒಂದು ಸ್ಥಿತಿ. ಊರಿನ ಪರವಾಗಿ ನಿರ್ಣಯ ಮಾಡಬೇಕಾದ ಕುರ್ಚಿಯಲ್ಲಿ ಕುಳಿತವನಿಗೆ ಅದೇ ನಿರ್ಣಯದಿಂದ ತನಗೋ ತನ್ನ ಮನೆಯವರಿಗೋ ಲಾಭ ನಷ್ಟ ಆಗುವಂತಿದ್ದರೆ ಸಾಕು, ತಿಕ್ಕಾಟ ಆಗಲೇ ಹುಟ್ಟಿತು. ಅವನು ಇನ್ನೂ ಏನನ್ನೂ ಮಾಡಿಲ್ಲದಿರಬಹುದು. ಮುಂದೆಯೂ ಧರ್ಮವಾಗಿಯೇ ನಡೆದುಕೊಳ್ಳಬಹುದು. ಆದರೂ ಅದು ಇದ್ದೇ ಇದೆ. ಆದಕಾರಣ ಅದಕ್ಕೆ ಮದ್ದು ಜೈಲಲ್ಲ, ತನಿಖೆಯಲ್ಲ. ಇರುವುದನ್ನು ಮೊದಲೇ ಹೇಳಿಬಿಡುವುದು, ಹೇಳಿ ಆ ವಿಷಯದ ಮಟ್ಟಿಗೆ ಕುರ್ಚಿ ಬಿಟ್ಟೇಳುವುದು, ಮತ್ತೆ ಮತ್ತೆ ಏಳಬೇಕಾದ ಪ್ರಸಂಗವಿದ್ದರೆ ಎರಡರಲ್ಲಿ ಒಂದನ್ನು ಬಿಟ್ಟೇಬಿಡುವುದು. ಮದ್ದು ಇಷ್ಟೇ.

ಹೀಗೆ ಎದ್ದು ಹೋದವರ ಉದಾಹರಣೆಯೂ ನಮ್ಮ ಕಡೆಯದೇ ಒಂದು ಇದೆ. ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದು ಮುಂದೆ ಸುಪ್ರೀಂ ಕೋರ್ಟಿಗೆ ಹೋದವರು. 2009ರಲ್ಲಿ ಅಂಬಾನಿ ಸೋದರರ ನಡುವಣ ಅನಿಲದ ವ್ಯಾಜ್ಯ ಅವರಿದ್ದ ಪೀಠದ ಮುಂದೆ ಬಂತು. ಎರಡು ಕಡೆಯ ಕಂಪನಿಗಳಲ್ಲೂ ತಮಗೆ ಷೇರುಗಳಿವೆ ಎಂದು ಅವರು ಮೊದಲೇ ತೆರೆದ ನ್ಯಾಯಾಲಯದಲ್ಲಿ ಹೇಳಿದರು. ಇಬ್ಬರು ವಕೀಲರೂ ಅಡ್ಡಿಯಿಲ್ಲವೆಂದರು, ವಿಚಾರಣೆ ನಡೆಯಿತು. ಕೆಲವು ದಿನಗಳ ಮೇಲೆ, ತಮ್ಮ ಮಗಳು ಕೆಲಸ ಮಾಡುವ ವಕೀಲರ ಸಂಸ್ಥೆ ಒಂದು ಪಕ್ಷಕ್ಕೆ ಬೇರೊಂದು ವ್ಯವಹಾರದಲ್ಲಿ ಸಲಹೆ ಕೊಡುತ್ತಿದೆಯೆಂದು ಅವರಿಗೆ ತಿಳಿಯಿತು. ಆ ವ್ಯವಹಾರಕ್ಕೂ ಈ ವ್ಯಾಜ್ಯಕ್ಕೂ ಸಂಬಂಧವಿರಲಿಲ್ಲ. ಆದರೂ ಅವರು ಪೀಠದಿಂದ ಹಿಂದೆ ಸರಿದರು. ಅರ್ಧ ಮುಗಿದ ವಾದವನ್ನು ಹೊಸ ಪೀಠ ಮೊದಲಿನಿಂದ ಕೇಳಬೇಕಾಯಿತು, ಸಮಯ ಹೋಯಿತು. ಇಲ್ಲಿ ವಾಚಕರು ಒಂದನ್ನು ಗಮನಿಸಬೇಕು. ಷೇರಿದ್ದಾಗ ಹೇಳಿ ಕುಳಿತರು, ಮಗಳ ಸಂಗತಿ ಬಂದಾಗ ಹೇಳಿ ಎದ್ದರು. ತಿಕ್ಕಾಟವೆಲ್ಲ ಒಂದೇ ತೂಕದ್ದಲ್ಲ. ಹೇಳುವುದು ಮಾತ್ರ ಎರಡು ಕಡೆಯಲ್ಲೂ ತಪ್ಪಲಿಲ್ಲ.

ಇಂಥ ಮಾತು ಬಂದಾಗಲೆಲ್ಲ ನಮ್ಮವರು ವಿಶ್ವೇಶ್ವರಯ್ಯನವರ ಹೆಸರನ್ನು ಹೇಳುತ್ತಾರೆ. 1912ರಲ್ಲಿ ದಿವಾನಗಿರಿ ಒಪ್ಪಿಕೊಳ್ಳುವ ಮುಂಚೆ ಮನೆಯವರನ್ನು ಕರೆದು, ಯಾರೂ ತಮ್ಮ ಬಳಿಗೆ ಶಿಫಾರಸು ಹೊತ್ತು ಬರುವುದಿಲ್ಲವೆಂದು ಮಾತು ಕೊಟ್ಟರೆ ಮಾತ್ರ ಒಪ್ಪುವುದಾಗಿ ಹೇಳಿದರಂತೆ. ಸರಕಾರದ ಮೇಣದ ಬತ್ತಿ ಒಂದು, ಸ್ವಂತದ್ದು ಒಂದು ಎಂಬ ಕಥೆಯನ್ನಂತೂ ಶಾಲೆಯ ಮಕ್ಕಳೂ ಬಲ್ಲರು. ಈ ಕಥೆಗಳು ನಮಗೂ ಪ್ರಿಯವೇ. ಆದರೆ ಇವುಗಳಿಂದ ಒಂದು ಕೆಡುಕೂ ಆಗಿದೆ. ಒಳ್ಳೆಯ ಮನುಷ್ಯ ಸಿಕ್ಕಿದರೆ ಎಲ್ಲ ಸರಿಹೋಗುತ್ತದೆ, ಕೆಟ್ಟವನು ಸಿಕ್ಕಿದರೆ ಯಾವ ನಿಯಮವೂ ಉಪಯೋಗವಿಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಿಶ್ವೇಶ್ವರಯ್ಯನವರು ಮನೆಯವರಿಂದ ಪಡೆದ ಮಾತನ್ನು ರಾಜ್ಯವು ಪ್ರತಿಯೊಬ್ಬ ದಿವಾನನಿಂದ ಪಡೆಯುವುದು ಹೇಗೆ? ಪ್ರಶ್ನೆ ಅದು. ನಿಯಮವಿದ್ದರೆ ಹೆಚ್ಚು ಉಪಕಾರವಾಗುವುದು ಒಳ್ಳೆಯವನಿಗೇ. ‘ನಾನು ಮಾಡಲಾರೆ ಭಾವ, ಕಾನೂನು ಬಿಡುವುದಿಲ್ಲ’ ಎಂದು ಹೇಳಿ ಊಟದ ಮನೆಯ ಜಗಳವನ್ನು ತಪ್ಪಿಸಿಕೊಳ್ಳಬಹುದು!

ನಿಯಮ ಮಾಡುವ ಪ್ರಯತ್ನವೇ ಆಗಿಲ್ಲವೆಂದು ತಿಳಿಯಬಾರದು. 1964ನೆಯ ಇಸವಿ ಈ ವಿಷಯದಲ್ಲಿ ದೊಡ್ಡ ವರ್ಷ. ತಮಿಳುನಾಡಿನ ಕೆ. ಸಂತಾನಂ ಅವರ ಸಮಿತಿ ಭ್ರಷ್ಟಾಚಾರ ತಡೆಯ ಬಗ್ಗೆ ವರದಿ ಕೊಟ್ಟದ್ದು ಆಗ. ಕೇಂದ್ರ ಜಾಗೃತಿ ಆಯೋಗ ಹುಟ್ಟಿದ್ದೂ ಆಗಲೇ. ಅದರ ಮೊದಲ ಆಯುಕ್ತರು ನಮ್ಮ ನಿಟ್ಟೂರು ಶ್ರೀನಿವಾಸರಾಯರು, ಮೈಸೂರು ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದವರು, ನೂರು ವರ್ಷ ತುಂಬಿ ಬಾಳಿದ ಹಿರಿಯರು. ಅದೇ ವರ್ಷ ಎರಡು ಕಟ್ಟಳೆಗಳು ಹೊರಟವು. ಒಂದು ಕೇಂದ್ರ ಸರಕಾರದ ನೌಕರರಿಗೆ, ಇನ್ನೊಂದು ಮಂತ್ರಿಗಳಿಗೆ. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ನಮ್ಮ ದೇಶದ ಸ್ಥಿತಿ ಅರ್ಥವಾಗುತ್ತದೆ.

ನೌಕರನ ನಿಯಮ ಹೇಳುತ್ತದೆ: ನಿನ್ನ ಮನೆಯವರು ಕೆಲಸ ಮಾಡುವ ಅಥವಾ ನಿನಗೂ ಅವರಿಗೂ ಹಿತವಿರುವ ಯಾವ ಕಂಪನಿಯ ಕಾಗದವನ್ನೂ ನೀನು ಮುಟ್ಟತಕ್ಕದ್ದಲ್ಲ, ಅದನ್ನು ಮೇಲಧಿಕಾರಿಗೆ ಕಳಿಸು. ತಪ್ಪಿದರೆ ಶಿಸ್ತಿನ ಕ್ರಮ, ಕೆಲಸಕ್ಕೇ ಕುತ್ತು. ಮಂತ್ರಿಯ ನಿಯಮವೂ ನೋಡಲು ಚೆನ್ನಾಗಿಯೇ ಇದೆ. ಅಧಿಕಾರ ವಹಿಸುವ ಮುನ್ನ ತನ್ನ ಮತ್ತು ಮನೆಯವರ ಆಸ್ತಿ, ಸಾಲ, ವ್ಯಾಪಾರಗಳನ್ನೆಲ್ಲ ಪ್ರಧಾನಿಗೆ ಅಥವಾ ಮುಖ್ಯಮಂತ್ರಿಗೆ ತಿಳಿಸಬೇಕು. ವ್ಯಾಪಾರದ ಆಡಳಿತದಿಂದ ಕೈ ತೊಳೆದುಕೊಳ್ಳಬೇಕು. ಸರಕಾರಕ್ಕೆ ಸರಕು ಒದಗಿಸುವ ವ್ಯಾಪಾರವಾಗಿದ್ದರೆ ಮಾಲೀಕತ್ವವನ್ನೇ ಬಿಡಬೇಕು. ಬಿಡದಿದ್ದರೆ? ಅದಕ್ಕೆ ಆ ಕಾಗದದಲ್ಲಿ ಉತ್ತರವಿಲ್ಲ. ನೋಡಿಕೊಳ್ಳಬೇಕಾದವರು ಪ್ರಧಾನಿ, ಮುಖ್ಯಮಂತ್ರಿಗಳೇ. ಆ ಮಂತ್ರಿಯ ಬೆಂಬಲವಿದ್ದರೆ ತಾನೇ ಮುಖ್ಯಮಂತ್ರಿ ಗದ್ದುಗೆಯಲ್ಲಿ ಉಳಿಯುವುದು? ಗುಮಾಸ್ತನಿಗೆ ಕಾನೂನು, ಮಂತ್ರಿಗೆ ಬುದ್ಧಿವಾದ! ಅರುವತ್ತು ವರ್ಷ ಕಳೆದರೂ ಆ ಬುದ್ಧಿವಾದಕ್ಕೆ ಕಾನೂನಿನ ಬಲ ಬಂದಿಲ್ಲ. 2012ರಲ್ಲಿ ಈ ವಿಷಯಕ್ಕೆಂದೇ ಒಂದು ಮಸೂದೆಯನ್ನು ತಮಿಳುನಾಡಿನ ಸದಸ್ಯರೊಬ್ಬರು ರಾಜ್ಯಸಭೆಯಲ್ಲಿ ಖಾಸಗಿಯಾಗಿ ಮಂಡಿಸಿದರು, ಅದು ಕಾನೂನಾಗಲಿಲ್ಲ. ಲಂಚ ತಡೆಯ ಬಗ್ಗೆ ವಿಶ್ವಸಂಸ್ಥೆಯ ಒಪ್ಪಂದಕ್ಕೆ 2011ರಲ್ಲಿ ಭಾರತ ಒಪ್ಪಿಗೆ ಹಾಕಿತು. ಹಿತಗಳ ತಿಕ್ಕಾಟವನ್ನು ತಡೆಯುವ ಏರ್ಪಾಡು ಮಾಡಿಕೊಳ್ಳಬೇಕೆಂದು ಆ ಒಪ್ಪಂದವೂ ಹೇಳುತ್ತದೆ. ಕೆನಡಾದಲ್ಲಿರುವ ನಮ್ಮ ನೆಂಟರಿಷ್ಟರನ್ನು ಕೇಳಿದರೆ ಅಲ್ಲಿ ಇದಕ್ಕಾಗಿಯೇ ಒಂದು ಕಾಯಿದೆ, ಅದನ್ನು ನೋಡಿಕೊಳ್ಳಲು ಒಬ್ಬ ಆಯುಕ್ತ ಇರುವುದನ್ನು ಹೇಳುತ್ತಾರೆ.

ಶಾಸಕರಿಗೆ ಕಾನೂನೇ ಇಲ್ಲವೇ ಎಂದರೆ, ಇದೆ. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ಪ್ರಕಾರ ಸರಕಾರದೊಡನೆ ಕಂಟ್ರಾಕ್ಟು ಇಟ್ಟುಕೊಂಡವನು ಶಾಸಕನಾಗಿರಲಾರ. ಆದರೆ ಆ ಕಂಟ್ರಾಕ್ಟು ಎರಡೇ ಬಗೆಯದು: ಸರಕಾರಕ್ಕೆ ಸರಕು ಒದಗಿಸುವುದು, ಇಲ್ಲವೆ ಸರಕಾರದ ಕಾಮಗಾರಿ ಮಾಡಿಕೊಡುವುದು. ಸರಕಾರದ ನೆಲವನ್ನು ಗುತ್ತಿಗೆ ಹಿಡಿದು ಅದರೊಳಗಿನ ಅದಿರನ್ನು ಅಗೆದು ಮಾರುವವನ ಗತಿಯೇನು? ಹರಿಯಾಣದ ಒಂದು ಮೊಕದ್ದಮೆಯಲ್ಲಿ 2001ರಲ್ಲಿ ಸುಪ್ರೀಂ ಕೋರ್ಟು ಗಣಿಯ ಗುತ್ತಿಗೆ ಈ ಎರಡರಲ್ಲಿ ಸೇರುವುದಿಲ್ಲವೆಂದಿತು. ಕಾಯಿದೆಯ ಮಾತನ್ನು ನೋಡಿದರೆ ನ್ಯಾಯಾಧೀಶರು ಬೇರೆ ಹೇಳುವಂತಿರಲಿಲ್ಲ. ಬೇಲಿ ಇತ್ತು, ಗಾಡಿ ಹೋಗುವಷ್ಟು ಅಗಲದ ಗಿಂಡಿಯೂ ಅದರಲ್ಲಿ ಇತ್ತು.

ಆ ಗಿಂಡಿಯಿಂದ ಏನು ಹೋಗಬಲ್ಲುದೆಂಬುದನ್ನು ಕರ್ನಾಟಕ ಏಳು ವರ್ಷಗಳ ಮೇಲೆ ಕಂಡಿತು. 2008ರಲ್ಲಿ ಬಂದ ಮಂತ್ರಿಮಂಡಲದಲ್ಲಿ ಓಬಳಾಪುರಂ ಮೈನಿಂಗ್ ಕಂಪನಿಯ ಜಿ. ಜನಾರ್ದನ ರೆಡ್ಡಿಯವರು ಪ್ರವಾಸೋದ್ಯಮ ಮಂತ್ರಿಗಳು. ಅವರ ಹಿರಿಯಣ್ಣ ಕರುಣಾಕರ ರೆಡ್ಡಿಯವರು ಕಂದಾಯ ಮಂತ್ರಿಗಳು. ಬಳ್ಳಾರಿಯ ಕೆಂಪು ಧೂಳಿನಲ್ಲಿ ಅದಿರಿನ ಲಾರಿಗಳು ಹಗಲಿರುಳು ಓಡುತ್ತಿದ್ದ ಕಾಲ ಅದು. ಆ ಗಣಿಗಾರಿಕೆಯನ್ನು ತನಿಖೆ ಮಾಡುತ್ತಿದ್ದವರು ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆಯವರು, ಕ್ರೈಪಾಕ್ ತೀರ್ಪು ಬರೆದ ಸದಾನಂದ ಹೆಗ್ಡೆಯವರ ಮಗ. ತಂದೆಯ ಮುಂದೆ ಬಂದದ್ದು ಕಾಶ್ಮೀರದ ಅರಣ್ಯಾಧಿಕಾರಿಗಳ ತಕರಾರು. ಮಗನ ತನಿಖೆಯಲ್ಲಿ ಮುಂದೆ ನಿಂತು ದುಡಿದವರಲ್ಲೂ ಅರಣ್ಯಾಧಿಕಾರಿಗಳೇ ಇದ್ದರು. ಬೇಲೆಕೇರಿ ಬಂದರಿನಲ್ಲಿ ಹಿಡಿದಿಟ್ಟ ಅದಿರು ಮಾಯವಾಗಿ, ಅದನ್ನು ಹಿಡಿದ ಅಧಿಕಾರಿಯನ್ನೇ ಅಮಾನತು ಮಾಡಲು ಹೊರಟಾಗ 2010ರ ಜೂನ್‌ನಲ್ಲಿ ಸಂತೋಷ್ ಹೆಗ್ಡೆಯವರು ರಾಜೀನಾಮೆ ಕೊಟ್ಟರು. ಕೆಲವು ದಿನಗಳ ಮೇಲೆ ಹಿಂದಕ್ಕೆ ತೆಗೆದುಕೊಂಡರು. 2011ರ ಜುಲೈ 27ರಂದು ಅವರ ಎರಡನೆಯ ವರದಿ ಬಂತು. 2006ರಿಂದ 2010ರ ವರೆಗೆ ರಾಜ್ಯಕ್ಕಾದ ನಷ್ಟ 16,085 ಕೋಟಿ ರೂಪಾಯಿಯೆಂದು ಅದರ ಲೆಕ್ಕ.

ಆ ವರದಿಯಲ್ಲಿ ಹಿತಗಳ ತಿಕ್ಕಾಟಕ್ಕೆ ಪಾಠವಾಗುವಂಥ ಸಂಗತಿ ಇನ್ನೊಂದಿತ್ತು. ಗಣಿ ಕಂಪನಿಯೊಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರ ಮನೆಯವರು ನಡೆಸುವ ಶಿಕ್ಷಣ ಸಂಸ್ಥೆಗೆ 10 ಕೋಟಿ ರೂಪಾಯಿ ದಾನ ಕೊಟ್ಟಿತ್ತು. ವರದಿ ಬಂದ ನಾಲ್ಕೇ ದಿನಕ್ಕೆ ಅವರು ರಾಜೀನಾಮೆ ಕೊಟ್ಟರು. ಮುಂದೆ ಸಿ.ಬಿ.ಐ. ಮೊಕದ್ದಮೆ ನಡೆಯಿತು, 2016ರ ಅಕ್ಟೋಬರಿನಲ್ಲಿ ವಿಶೇಷ ನ್ಯಾಯಾಲಯ ಅವರನ್ನೂ ಮಕ್ಕಳನ್ನೂ ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಅದನ್ನು ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. ಆದರೆ ಅಪರಾಧವಿತ್ತೇ ಎಂಬ ಪ್ರಶ್ನೆಗೆ ಉತ್ತರ ಸಿಗಲು ಐದು ವರ್ಷ ಹಿಡಿಯಿತು. ‘ಗಣಿಯ ಕಾಗದ ನನ್ನ ಮೇಜಿಗೆ ಬರುವ ತನಕ ಗಣಿಯವರ ದಾನ ನನ್ನ ಮನೆಯ ಸಂಸ್ಥೆಗೆ ಬೇಡ’ ಎಂಬ ಕಟ್ಟಳೆ ಇದ್ದಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ. ನಿರ್ದೋಷಿಯಾದವರು ಅಷ್ಟು ಕಾಲ ಕಟಕಟೆಯಲ್ಲಿ ನಿಲ್ಲಬೇಕಾಗಿಯೂ ಇರಲಿಲ್ಲ. ಓಬಳಾಪುರಂ ಮೊಕದ್ದಮೆಯಂತೂ ಇನ್ನೂ ನಿಧಾನವಾಗಿ ನಡೆಯಿತು. 2011ರ ಸೆಪ್ಟೆಂಬರಿನಲ್ಲಿ ಜನಾರ್ದನ ರೆಡ್ಡಿಯವರ ಬಂಧನ, 2025ರ ಮೇ ತಿಂಗಳಲ್ಲಿ ಹೈದರಾಬಾದಿನ ನ್ಯಾಯಾಲಯದಿಂದ ಏಳು ವರ್ಷದ ಶಿಕ್ಷೆ, ಮರು ತಿಂಗಳೇ ಆ ಶಿಕ್ಷೆಗೆ ಹೈಕೋರ್ಟಿನಿಂದ ತಡೆ.

ಶಾಸಕರು ವರ್ಷವರ್ಷವೂ ಲೋಕಾಯುಕ್ತರಿಗೆ ಆಸ್ತಿಯ ಪಟ್ಟಿ ಕೊಡುತ್ತಾರಲ್ಲವೇ ಎಂದು ಕೇಳಬಹುದು. ಕೊಡುತ್ತಾರೆ. ಆ ಪಟ್ಟಿ ಎಷ್ಟು ಎಕರೆ, ಎಷ್ಟು ತೊಲ ಬಂಗಾರ ಎಂದು ಹೇಳುತ್ತದೆ. ಆ ಎಕರೆಯ ಪಕ್ಕದಲ್ಲಿ ಹೊಸ ರಸ್ತೆ ಹೋಗಬೇಕೆಂದು ನಿಶ್ಚಯಿಸಿದ ಸಭೆಯಲ್ಲಿ ಇವರು ಇದ್ದರೇ ಎಂದು ಹೇಳುವುದಿಲ್ಲ. ನಮಗೆ ಬೇಕಾದದ್ದು ಅದು.

ಸರಕಾರ ಮಾಡದ ಕೆಲಸವನ್ನು ಕ್ರಿಕೆಟ್ಟು ಮಾಡಿತೆಂದರೆ ಹಲವರಿಗೆ ನಗು ಬಂದೀತು. ಆದರೆ ಅದು ನಿಜ, ಅದರ ಕೇಂದ್ರವೂ ನಮ್ಮ ಚೆನ್ನೈಯೇ. ಕ್ರಿಕೆಟ್ ಮಂಡಲಿಯ ಪದಾಧಿಕಾರಿಗಳಿಗೆ ಮಂಡಲಿಯ ಆಟಗಳಲ್ಲಿ ವ್ಯಾಪಾರದ ಹಿತ ಇರಕೂಡದೆಂಬ ನಿಯಮ ಹಿಂದಿನಿಂದ ಇತ್ತು. 2008ರಲ್ಲಿ ಐ.ಪಿ.ಎಲ್. ಹುಟ್ಟಿತು; ಚೆನ್ನೈ ತಂಡವನ್ನು ಇಂಡಿಯಾ ಸಿಮೆಂಟ್ಸ್ ಕೊಂಡಿತು; ಆ ಕಂಪನಿಯ ಮುಖ್ಯಸ್ಥ ಎನ್. ಶ್ರೀನಿವಾಸನ್ ಆಗ ಮಂಡಲಿಯ ಖಜಾಂಚಿ. ಅದೇ ವರ್ಷ ನಿಯಮಕ್ಕೆ ಐ.ಪಿ.ಎಲ್. ಹೊರತು ಎಂಬ ತಿದ್ದುಪಡಿಯಾಯಿತು. 2011ರಲ್ಲಿ ಅವರು ಮಂಡಲಿಯ ಅಧ್ಯಕ್ಷರಾದರು. 2013ರಲ್ಲಿ ಬೆಟ್ಟಿಂಗ್ ಹಗರಣ ಎದ್ದಾಗ ಅವರ ಅಳಿಯನ ಹೆಸರೇ ಬಂತು. ಅಳಿಯನ ವಿಚಾರಣೆಗೆ ಏರ್ಪಾಡು ಮಾಡಬೇಕಾದ ಮಂಡಲಿಗೆ ಮಾವನವರೇ ಅಧ್ಯಕ್ಷರು! ಮಂಡಲಿ ಸರಕಾರದ್ದಲ್ಲದಿದ್ದರೂ ಅದು ಮಾಡುವುದು ಸಾರ್ವಜನಿಕ ಕೆಲಸವೆಂದು 2015ರ ಜನವರಿ 22ರಂದು ಸುಪ್ರೀಂ ಕೋರ್ಟು ಹೇಳಿ, ಆ ತಿದ್ದುಪಡಿಯನ್ನು ಹೊಡೆದುಹಾಕಿತು. ಶ್ರೀನಿವಾಸನ್ ಅವರು ಬೆಟ್ಟಿಂಗ್ ಆಡಿದರೆಂದು ಯಾರೂ ಹೇಳಲಿಲ್ಲ. ಎರಡು ಕುರ್ಚಿಗಳಲ್ಲಿ ಒಂದನ್ನು ಆರಿಸಿಕೊಳ್ಳಿ ಎಂಬುದಷ್ಟೇ ತೀರ್ಪಿನ ತಿರುಳು.

ಮುಂದೆ ನಿಯಮ ಬರೆಯಲು ನೇಮಿಸಿದ ಲೋಧಾ ಸಮಿತಿಯ ಮೂವರಲ್ಲಿ ಒಬ್ಬರು, ನಾವು ಮೇಲೆ ಹೇಳಿದ ರವೀಂದ್ರನ್ ಅವರು. ಆ ಸುಧಾರಣೆಗಳಿಂದ ಬಂದ ಕಟ್ಟಳೆಯಲ್ಲಿ ಒಂದು ವಿವೇಕದ ಭೇದವಿದೆ: ಬಿಡಿಸಬಹುದಾದ ತೊಡಕು ಒಂದು, ಬಿಡಿಸಲಾಗದ್ದು ಇನ್ನೊಂದು. ಮೊದಲನೆಯದು ಹೇಳಿದರೆ, ಇಲ್ಲವೆ ಆ ವಿಷಯದ ಮಟ್ಟಿಗೆ ದೂರ ನಿಂತರೆ ತೀರುತ್ತದೆ. ಎರಡನೆಯದಕ್ಕೆ ಒಂದು ಸ್ಥಾನವನ್ನು ಬಿಡಲೇಬೇಕು. ಈ ಕಟ್ಟಳೆಗೆ ಸಿಕ್ಕಿಕೊಂಡವರಲ್ಲಿ ನಮ್ಮ ರಾಹುಲ್ ದ್ರಾವಿಡ್ ಕೂಡ ಒಬ್ಬರೆಂಬುದು ಓದುಗರಿಗೆ ನೆನಪಿರಬಹುದು. 2019ರಲ್ಲಿ ಅವರು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಗೆ ಮುಖ್ಯಸ್ಥರಾದಾಗ ಇಂಡಿಯಾ ಸಿಮೆಂಟ್ಸ್‌ನಲ್ಲಿ ಉಪಾಧ್ಯಕ್ಷ ಪದವಿ ಇತ್ತು. ದೂರು ಬಂತು, ನೋಟಿಸು ಹೋಯಿತು. ಕಂಪನಿಯಿಂದ ಸಂಬಳವಿಲ್ಲದ ರಜೆ ಪಡೆದಿದ್ದೇನೆಂದು ಅವರು ತೋರಿಸಿಕೊಟ್ಟರು. ನವೆಂಬರಿನಲ್ಲಿ ದೂರು ವಜಾ ಆಯಿತು. ದ್ರಾವಿಡರಂಥವರನ್ನೂ ಕೇಳಬೇಕೇ ಎಂದು ಆಗ ಬಹಳ ಮಂದಿ ಕೋಪಿಸಿಕೊಂಡರು. ನಮಗೆ ಆ ಕೋಪ ಒಪ್ಪಿಗೆಯಾಗಲಿಲ್ಲ. ಅವರನ್ನು ಕೇಳಿದ್ದರಿಂದ ಅವರ ಮಾನಕ್ಕೇನೂ ಕುಂದಾಗಲಿಲ್ಲ. ಅವರನ್ನೇ ಕೇಳಿದ ಮೇಲೆ ಇನ್ನೊಬ್ಬರನ್ನು ಕೇಳದಿರಲು ನೆಪ ಉಳಿಯಲಿಲ್ಲ.

ಸಣ್ಣ ಕುರ್ಚಿಗಳ ಮಾತೂ ಸ್ವಲ್ಪ ಆಡಬೇಕು. ದೊಡ್ಡವರ ಕಥೆ ಓದಿ ಪತ್ರಿಕೆ ಮಡಿಸಿಟ್ಟರೆ ನಮಗೇನು ಬಂತು? ಪೆರುಂಗುಡಿ 2011ರ ತನಕ ಪಟ್ಟಣ ಪಂಚಾಯತಿಯಾಗಿತ್ತು. ಈಗ ಚೆನ್ನೈ ಮಹಾನಗರಪಾಲಿಕೆಯ 14ನೆಯ ವಲಯಕ್ಕೆ ಅದರ ಹೆಸರಿದೆ. ತಮಿಳುನಾಡು ಸರಕಾರ 2022ರಲ್ಲಿ ವಾರ್ಡು ಸಮಿತಿ, ಏರಿಯಾ ಸಭೆಗಳ ನಿಯಮಗಳನ್ನು ಹೊರಡಿಸಿತು. ನಮ್ಮ ಓದುಗರಲ್ಲಿ ಕೆಲವರಾದರೂ ಇಂಥ ಸಭೆಗಳಿಗೆ ಹೋಗುವವರು, ಸಮಿತಿಯಲ್ಲಿ ಕೂರುವವರು ಇರಬಹುದು. ಅಲ್ಲಿ ಬರುವ ವಿಷಯಗಳು ಯಾವುವು? ಕಸದ ಲಾರಿ, ಬೋರ್‌ವೆಲ್ಲು, ಚರಂಡಿ, ಜೌಗುನೆಲದ ಅಂಚಿಗೆ ಏಳುವ ಮನೆಗಳು. ಪಳ್ಳಿಕರಣೆಗೆ 2022ರಲ್ಲಿ ರಾಮ್‌ಸಾರ್ ಮಾನ್ಯತೆ ಬಂದ ಮೇಲಂತೂ ಅದರ ಎಲ್ಲೆ ಎಲ್ಲಿಯ ತನಕ ಎಂಬ ಒಂದು ಗೆರೆಯ ಮೇಲೆ ಎಷ್ಟು ಮನೆಗಳ ಬೆಲೆ ನಿಂತಿದೆಯೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಒಬ್ಬ ಸದಸ್ಯರ ಷಡ್ಡಕರು ನೀರಿನ ಟ್ಯಾಂಕರು ಓಡಿಸುತ್ತಾರೆಂದು ಭಾವಿಸೋಣ. ಬೀದಿಗೆ ಮೆಟ್ರೋ ನೀರಿನ ಕೊಳವೆ ಬೇಗ ಬರಲಿ ಎಂದು ಆ ಸದಸ್ಯರು ಎಷ್ಟು ಗಟ್ಟಿಯಾಗಿ ಮಾತಾಡಿಯಾರು? ಅವರು ಕೆಟ್ಟವರೇನಲ್ಲ. ಷಡ್ಡಕರ ಮುಖ ನೆನಪಾಗುತ್ತದೆ, ಅಷ್ಟೇ. ಪಂಚಾಯತಿ, ನಗರಸಭೆಗಳ ಕಾನೂನಿನಲ್ಲಿ ಸ್ವಂತ ಗುತ್ತಿಗೆ ಇಟ್ಟುಕೊಂಡ ಸದಸ್ಯರಿಗೆ ಅನರ್ಹತೆ ಬಹುಕಾಲದಿಂದ ಇದೆ. ಷಡ್ಡಕರ ಟ್ಯಾಂಕರಿಗೆ ಮಾತ್ರ ಹಲವು ಕಡೆ ಹೆಸರೇ ಇಲ್ಲ. ವ್ಯಾಖ್ಯೆ ಮಾಡುವವರು ಸಂಬಂಧಗಳನ್ನು ಬಿಡಿಸಿ ಬರೆಯಬೇಕು. ಗಂಡ ಹೆಂಡತಿ ಮಕ್ಕಳೆಂದು ನಿಲ್ಲಿಸಿದರೆ ನಮ್ಮ ದೇಶಕ್ಕೆ ಸಾಲದು. ಬೀಗರು, ಭಾವಮೈದುನರು, ಪಾಲುದಾರರು ಇವರನ್ನೂ ಸೇರಿಸಬೇಕು. ಹಾಗೆಂದು ಊರಿನವರು, ಭಾಷೆಯವರು, ಜಾತಿಯವರು ಎಂದು ಎಳೆಯುತ್ತ ಹೋದರೆ ಕುರ್ಚಿಯಲ್ಲಿ ಕೂರಲು ಯಾರೂ ಉಳಿಯುವುದಿಲ್ಲ. ದುಡ್ಡಿನ ನಂಟು, ಒಲೆಯ ನಂಟು ಇಲ್ಲಿಗೆ ಗೆರೆ ಎಳೆಯುವುದು ನ್ಯಾಯವೆಂದು ನಮ್ಮ ಅಭಿಪ್ರಾಯ.

ಹಿತವನ್ನು ಹೇಳಬೇಕಾದದ್ದು ಯಾರ ಮುಂದೆ ಎಂಬುದೂ ಮುಖ್ಯ. ಮಂತ್ರಿ ಮುಖ್ಯಮಂತ್ರಿಯ ಕಿವಿಯಲ್ಲಿ ಹೇಳಿದರೆ ಊರಿಗೆ ಗೊತ್ತಾಗುವುದಿಲ್ಲ. ರಾಜ್ಯಸಭೆಯಲ್ಲಿ ಸದಸ್ಯರ ಹಿತಗಳನ್ನು ಬರೆದಿಡುವ ಪುಸ್ತಕವೊಂದಿದೆ. ಕಂಪನಿಯ ನಿರ್ದೇಶಕತ್ವ, ಹತೋಟಿಯ ಷೇರು, ಸಂಬಳದ ಸಲಹೆಗಾರಿಕೆ ಮುಂತಾದ ಐದು ಬಗೆಗಳನ್ನು ಅದರಲ್ಲಿ ಬರೆಯಬೇಕು. ಅಂಥ ಪುಸ್ತಕ ಪ್ರತಿ ವಿಧಾನಸಭೆಯಲ್ಲೂ, ಪ್ರತಿ ನಗರಪಾಲಿಕೆಯಲ್ಲೂ ಇರಬೇಕು. ಕಚೇರಿಗೆ ಬಂದು ಯಾರು ಕೇಳಿದರೂ ತೋರಿಸಬೇಕು.

ನಮ್ಮಂಥ ಸಂಘಗಳಿಗೆ ಇಷ್ಟೆಲ್ಲ ಬೇಡ. ರಾಜ್ಯೋತ್ಸವದ ಊಟದ ಗುತ್ತಿಗೆ, ಶಾಮಿಯಾನ, ಛಾಪಖಾನೆಯ ಬಿಲ್ಲು ಇವಿಷ್ಟೇ ನಮ್ಮ ರಾಜ್ಯಭಾರ. ಸಮಿತಿ ಸೇರಿದೊಡನೆ ಅಧ್ಯಕ್ಷರು, ಈ ದಿನದ ವಿಷಯಗಳಲ್ಲಿ ಯಾರಿಗಾದರೂ ಮನೆಯ ಹಿತವಿದೆಯೇ ಎಂದು ಒಂದು ಸಲ ಕೇಳಿ, ಬಂದ ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿದರೆ ಸಾಕು. ಹೌದೆಂದವರು ಆ ವಿಷಯ ಮುಗಿಯುವ ತನಕ ಹೊರಗಿನ ಜಗಲಿಯಲ್ಲಿ ಕಾಫಿ ಕುಡಿಯುತ್ತ ಕುಳಿತಿರಬಹುದು. ತಮ್ಮವರ ಟೆಂಡರು ಒಡೆಯುವಾಗ ಮಾತ್ರವಲ್ಲ, ಎದುರಿನವರ ಟೆಂಡರು ಒಡೆಯುವಾಗಲೂ.